ಕೋಟೆಯ ಮಣ್ಣು, ಸತುವಿನ ಹೂ

ಹೈದರಾಬಾದಿನಲ್ಲಿ ಡಿಸೈನ್ ಕೆಲಸ ಮಾಡುವ ನಮ್ಮಂಥವರ ಬಾಯಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು ‘ಇನ್‌ಸ್ಪಿರೇಷನ್’. ಆ್ಯಪ್‌ಗೆ ಹೊಸ ಬಣ್ಣ ಬೇಕು, ಇನ್‌ಸ್ಪಿರೇಷನ್ ಹುಡುಕು. ಹಬ್ಬದ ಜಾಹೀರಾತು ಬೇಕು, ಇನ್‌ಸ್ಪಿರೇಷನ್ ಹುಡುಕು. ಹುಡುಕುವುದು ಎಂದರೆ ಪಿಂಟ್ರೆಸ್ಟ್ ತೆರೆದು ಮೂವತ್ತು ನಲವತ್ತು ಚಿತ್ರಗಳನ್ನು ಒಂದು ಬೋರ್ಡಿಗೆ ಅಂಟಿಸುವುದು. ಬೋರ್ಡಿನ ಬಗ್ಗೆ ನನ್ನ ತಕರಾರಿಲ್ಲ. ಕೆಲಸಕ್ಕೆ ಅದು ಬೇಕು. ತಕರಾರಿರುವುದು ಅದರ ಹಿಂದಿನ ನಂಬಿಕೆಯ ಬಗ್ಗೆ. ಚಂದ ಅನ್ನುವುದು ಬೇರೆಲ್ಲೋ ತಯಾರಾಗಿ ಕೂತಿದೆ, ಅದನ್ನು ತಂದು ಮೇಲೆ ಹಚ್ಚಿದರೆ ನಮ್ಮದಾಗುತ್ತದೆ ಎಂಬ ನಂಬಿಕೆ ಅದು. ಈ ನಂಬಿಕೆಯನ್ನು ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ. ಈ ಊರಿನಲ್ಲೂ ಇಲ್ಲಿಂದ ಮೂರು ತಾಸಿನ ದಾರಿಯ ಬೀದರಿನಲ್ಲೂ ನೋಡಲು ಸಿಗುವ ಮೂರು ಕೆಲಸಗಳು ಸಾಕು: ಬಿದರಿ, ಕೆ. ಲಕ್ಷ್ಮಾ ಗೌಡ್ ಅವರ ಎಚಿಂಗ್‌ಗಳು ಮತ್ತು ಬತುಕಮ್ಮ.

ಊರಿಂದ ಬಂದ ನೆಂಟರನ್ನು ಸಾಲಾರ್ ಜಂಗ್ ಮ್ಯೂಸಿಯಂಗೆ ಕರೆದೊಯ್ದವರಿಗೆಲ್ಲ ಅಲ್ಲಿನ ದಾರಿ ಗೊತ್ತು. ಮೊದಲು ಗಡಿಯಾರ. ತಾಸು ಮುಟ್ಟುವ ಹೊತ್ತಿಗೆ ಬೊಂಬೆ ಹೊರಬಂದು ಗಂಟೆ ಹೊಡೆಯುವುದನ್ನು ನೋಡಲು ಜನ ಜಾತ್ರೆಯಂತೆ ಸೇರುತ್ತಾರೆ. ಆಮೇಲೆ ‘ಮುಸುಕಿನ ರೆಬೆಕಾ’. ಇಟಲಿಯ ಶಿಲ್ಪಿ ಜಿಯೋವಾನಿ ಮರಿಯಾ ಬೆಂಜೋನಿ ಕಡೆದ ಈ ಅಮೃತಶಿಲೆಯ ಹೆಣ್ಣನ್ನು ಮೊದಲನೇ ಸಾಲಾರ್ ಜಂಗ್ 1876ರಲ್ಲಿ ಇಟಲಿಯಿಂದ ಕೊಂಡು ತಂದರು. ಕಲ್ಲಿನ ಮುಸುಕಿನೊಳಗಿಂದ ಕಲ್ಲಿನ ಮುಖ ಕಾಣುತ್ತದೆ. ನೋಡಿದವರು ‘ಅಬ್ಬಾ, ಕಲ್ಲು ಅಂತ ಅನ್ನಿಸೋದೇ ಇಲ್ಲ’ ಅನ್ನುತ್ತಾರೆ. ಆ ಶಿಲ್ಪದ ಗೆಲುವು ಇರುವುದೇ ಅಲ್ಲಿ: ಕಲ್ಲು ತಾನು ಕಲ್ಲಲ್ಲ ಎಂದು ನಂಬಿಸುವುದರಲ್ಲಿ.

ಅದೇ ಕಟ್ಟಡದಲ್ಲಿ ಬಿದರಿ ಸಂಗ್ರಹವೂ ಇದೆ. ಹುಕ್ಕಾ ಬುಡಗಳು, ಪಾನದಾನಗಳು, ಹೂಜಿಗಳು, ತಟ್ಟೆಗಳು. ಅಲ್ಲಿ ಗುಂಪು ಕಟ್ಟುವವರು ಕಡಿಮೆ. ಕಪ್ಪು ಮೈ, ಅದರ ಮೇಲೆ ಬೆಳ್ಳಿಯ ಗಸಗಸೆ ಹೂ. ಈ ಹೂ ನಿಜವಾದ ಹೂವಿನಂತೆ ಕಾಣಲು ಯಾವ ಪ್ರಯತ್ನವನ್ನೂ ಮಾಡುವುದಿಲ್ಲ. ನೆರಳಿಲ್ಲ, ಎಸಳಿನ ಮಡಿಕೆಯಿಲ್ಲ, ಬಣ್ಣವಿಲ್ಲ. ಒಂದು ದಂಟು, ಎರಡು ಎಲೆ, ತುಸು ಬಾಗಿದ ತಲೆ, ಅಷ್ಟೇ. ಆದರೂ ಗಸಗಸೆ ಎಂದು ಗೊತ್ತಾಗುತ್ತದೆ, ಏಕೆಂದರೆ ಆ ಹೂವಿನ ತೂಕಕ್ಕೆ ದಂಟು ಬಾಗುವ ರೀತಿಯನ್ನು ಯಾರೋ ಒಬ್ಬರು ಸರಿಯಾಗಿ ನೋಡಿದ್ದಾರೆ. ಉಳಿದದ್ದನ್ನೆಲ್ಲ ಬಿಟ್ಟು ಆ ಬಾಗನ್ನು ಮಾತ್ರ ಇಟ್ಟುಕೊಂಡಿದ್ದಾರೆ. ಬೆಂಜೋನಿಯ ಕೈಚಳಕ ದೊಡ್ಡದೇ. ಆದರೆ ಯಾವುದನ್ನು ಬಿಡಬೇಕು ಎಂಬ ಪಾಠಕ್ಕೆ ನಾನು ಬಿದರಿಯ ಹತ್ತಿರವೇ ಹೋಗುತ್ತೇನೆ.

ಬಿದರಿಯ ವಿನ್ಯಾಸಗಳ ಹೆಸರುಗಳನ್ನೇ ಕೇಳಿ. ನಾಣ್ಯದಂಥ ದುಂಡು ಹೂವಿಗೆ ಅಶ್ರಫಿ ಕೀ ಬೂಟಿ. ಮೂರೆಲೆಯದಕ್ಕೆ ತೀನ್ ಪತ್ತೀ ಕೀ ಬೂಟಿ. ಮೀನಿನ ಬೆನ್ನಿನ ಹುರುಪೆಯಂಥದಕ್ಕೆ ಮಾಹಿ ಪುಷ್ತ್. ಜೇಬಿನ ನಾಣ್ಯ, ಬೇಲಿಯ ಎಲೆ, ಸಂತೆಯ ಮೀನು. ಕೈಗೆಟಕುವ ದೂರದಲ್ಲಿ ಇದ್ದದ್ದೇ ನಕ್ಷೆಯಾಗಿದೆ. ದರಬಾರಿನ ಸೊಗಸಿಗಾಗಿ ಮಾಡಿದ ವಸ್ತುಗಳಲ್ಲೂ ಕಣ್ಣು ನೆಟ್ಟದ್ದು ದಿನನಿತ್ಯದ ಮೇಲೆ.

ಇದು ಆಗುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸತುವಿಗೆ ತುಸು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಪಾತ್ರೆ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯ ಮಾಡಿ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ. ಬರೆಯುವ ಗೆರೆ ಕಾಣಲಿ ಎಂದಷ್ಟೇ ಈ ಕಪ್ಪು. ಅದರ ಮೇಲೆ ಕೈಯಿಂದಲೇ ನಕ್ಷೆ ಗೀಚಿ, ಉಳಿಯಿಂದ ಗೆರೆಯನ್ನು ಕೊರೆದು, ಆ ಕೊರೆತದೊಳಗೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಸುತ್ತಿಗೆಯಿಂದ ತಟ್ಟಿ ಕೂರಿಸುತ್ತಾರೆ. ಮತ್ತೆ ಉಜ್ಜುತ್ತಾರೆ. ಈಗ ಆ ತಾತ್ಕಾಲಿಕ ಕಪ್ಪು ಹೋಗಿಬಿಡುತ್ತದೆ. ಸತುವೂ ಬಿಳಿ, ಬೆಳ್ಳಿಯೂ ಬಿಳಿ. ಅಷ್ಟು ದಿನ ಕೂತು ಮಾಡಿದ ಹೂ ಹೆಚ್ಚುಕಡಿಮೆ ಕಾಣದಂತಾಗುತ್ತದೆ. ಕೊನೆಯದಾಗಿ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಉಳಿಯುತ್ತದೆ. ಹೂ ಕಾಣಿಸುತ್ತದೆ.

ಅಂದರೆ ಬಿದರಿಯ ನಕ್ಷೆಯನ್ನು ಕಣ್ಣಿಗೆ ತೋರಿಸಿಕೊಡುವುದು ಊರಿನ ಮಣ್ಣು. ಇದನ್ನು ಭಾವುಕವಾಗಿ ಹೇಳುತ್ತಿಲ್ಲ, ರಸಾಯನದ ಮಾತಾಗಿ ಹೇಳುತ್ತಿದ್ದೇನೆ. 2006ರಲ್ಲಿ ಬಿದರಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದಾಗ ಆ ‘ಭೌಗೋಳಿಕ’ ಎಂಬ ಪದಕ್ಕೆ ಇಷ್ಟು ನೇರವಾದ ಅರ್ಥವಿತ್ತು.

ಇನ್ನೊಂದು ಬಗೆಯೂ ಇದೆ, ಆಫ್ತಾಬಿ. ಇದರಲ್ಲಿ ಬೆಳ್ಳಿಯ ತಗಡಿನಲ್ಲೇ ಹೂವಿನ ಆಕಾರವನ್ನು ಕತ್ತರಿಸಿ ತೆಗೆದು, ಉಳಿದ ತಗಡನ್ನು ಮೈಗೆ ಹೊದಿಸುತ್ತಾರೆ. ಈಗ ಬಯಲೆಲ್ಲ ಬೆಳ್ಳಿ, ಹೂ ಮಾತ್ರ ಕಪ್ಪು. ಅಂದರೆ ಬೆಳ್ಳಿ ಇಲ್ಲದ ಜಾಗವೇ ಹೂ. ಪರದೆಯ ಮೇಲೆ ದಿನವಿಡೀ ‘ಖಾಲಿ ಜಾಗ’ದ ಬಗ್ಗೆ ಚರ್ಚಿಸುವ ನಮ್ಮ ಕಸುಬಿನವರು ಆಫ್ತಾಬಿ ಕೆಲಸದ ಒಂದು ತಟ್ಟೆಯ ಎದುರು ಅರ್ಧ ಗಂಟೆ ನಿಂತರೆ ಒಂದು ತರಬೇತಿಯಷ್ಟು ಕಲಿಯಬಹುದು. ಅದನ್ನು ನೋಡಿದ ಮೇಲೆ ಸಂಜೆ ಬೇವಿನ ಮರದ ಕೆಳಗೆ ನಿಂತರೂ ಎಲೆಗಳ ಬದಲು ಎಲೆಗಳ ನಡುವಿನ ಬೆಳಕಿನ ಆಕಾರಗಳು ಮೊದಲು ಕಣ್ಣಿಗೆ ಬೀಳುತ್ತವೆ.

ಇನ್ನು ಪ್ರಯಾಣದ ಮಾತು. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಈಗ ವಾರದ ಕೊನೆಗೆ ನಮ್ಮಲ್ಲಿ ಬಹಳ ಜನ ಆ ದಾರಿಯಲ್ಲಿ ಊರಿಗೆ ಹೋಗುತ್ತೇವೆ, ಜಹೀರಾಬಾದಿನಲ್ಲಿ ಚಹಾ ಕುಡಿಯುತ್ತೇವೆ. ದಾರಿಯಲ್ಲಿ ನೆಲ ಕೆಂಪಾಗುವುದನ್ನು ಗಮನಿಸಿದವರಿಗೆ ಬೀದರ್ ಹತ್ತಿರವಾಯಿತು ಎಂದು ಗೊತ್ತಾಗುತ್ತದೆ. ಅಲ್ಲಿ ಎರಡು ಕಟ್ಟಡಗಳನ್ನು ಒಂದೇ ದಿನ ನೋಡಬೇಕು. ಒಂದು, 1472ರ ಮಹಮೂದ್ ಗಾವಾನನ ಮದರಸಾ. ಇರಾನಿನಿಂದ ಬಂದ ಮಂತ್ರಿ ತನ್ನ ಸೀಮೆಯ ಹೆಂಚುಗೆಲಸವನ್ನು ಇಲ್ಲಿಗೆ ತಂದ. ನೀಲಿ, ಹಳದಿ, ಹಸಿರು, ಬಿಳಿಯ ಹೆಂಚುಗಳು ಒಂದು ಕಾಲಕ್ಕೆ ಮುಂಗೋಡೆಯನ್ನೆಲ್ಲ ಮುಚ್ಚಿದ್ದವು. ಹದಿನೇಳನೆಯ ಶತಮಾನದ ಕೊನೆಯಲ್ಲಾದ ಸ್ಫೋಟದಿಂದ, ಮತ್ತೆ ಮಳೆಬಿಸಿಲಿನಿಂದ, ಇಂದು ಉಳಿದಿರುವುದು ಅಲ್ಲೊಂದಿಷ್ಟು ಇಲ್ಲೊಂದಿಷ್ಟು. ಇನ್ನೊಂದು, ಕೋಟೆಯೊಳಗಿನ ರಂಗೀನ್ ಮಹಲ್. ಹದಿನಾರನೆಯ ಶತಮಾನದಲ್ಲಿ ಅಲಿ ಬರೀದನ ಕಾಲದಲ್ಲಿ ಇದರ ಬಾಗಿಲ ಸುತ್ತಿನ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದರು. ಕಪ್ಪಿನೊಳಗೆ ಹೊಳೆಯುವ ಬಿಳಿ ಬಳ್ಳಿ. ಬಿದರಿಯನ್ನು ಬಲ್ಲ ಕಣ್ಣಿಗೆ ಇದು ಕಲ್ಲಿನ ಬಿದರಿ.

ಒಂದು ಮೇಲೆ ಹಚ್ಚಿದ್ದು, ಇನ್ನೊಂದು ಒಳಗೆ ಕೊರೆದು ಕೂರಿಸಿದ್ದು. ಹೆಂಚುಗಳು ಬಿದ್ದದ್ದಕ್ಕೆ ಕಲೆಗಾರರನ್ನು ದೂರುವುದು ತಪ್ಪು; ಅವು ಇದ್ದ ದಿನ ಆ ಗೋಡೆ ಹೇಗಿತ್ತೋ ಎಂದು ಇಂದಿಗೂ ಆಸೆಯಾಗುತ್ತದೆ. ಆದರೆ ಹೊರಗಿನಿಂದ ಬಂದದ್ದು ನೆಲಕ್ಕೆ ಇಳಿಯುವ ಎರಡು ಬಗೆಗಳು ಇಲ್ಲಿ ಅರ್ಧ ತಾಸಿನ ನಡಿಗೆಯ ಅಂತರದಲ್ಲಿವೆ. ಬಿದರಿಯ ಕಸುಬೂ ಇರಾನಿನ ಕಡೆಯಿಂದ ಬಂದ ಕುಶಲಿಗಳ ಮೂಲಕವೇ ಇಲ್ಲಿಗೆ ಬಂತು ಎಂಬುದು ನಡೆದುಬಂದ ಮಾತು. ಅದೂ ವಲಸೆಯ ಕಲೆಯೇ. ಕೈಕಲೆ ದೂರದಿಂದ ಬಂದರೂ ಬಣ್ಣಕ್ಕೆ ಮಾತ್ರ ಅದು ಕೋಟೆಯ ಮಣ್ಣನ್ನೇ ನಂಬಿತು. ಬೇರೆ ಊರಿನಲ್ಲಿ ಬದುಕು ಕಟ್ಟುತ್ತಿರುವ ನಮಗೆ ಈ ವ್ಯತ್ಯಾಸ ಬರೀ ಕಲೆಯ ಇತಿಹಾಸವಲ್ಲ.

ನಮ್ಮ ಐಟಿ ಕಟ್ಟಡಗಳ ಗೋಡೆಗಳು ಸಾಮಾನ್ಯವಾಗಿ ಮೊದಲನೇ ಬಗೆಯವು, ಅದೂ ಹೆಂಚಿನ ಶ್ರಮವಿಲ್ಲದೆ. ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ಇಡೀ ಗೋಡೆಗೆ ಕಪ್ಪು ವಿನೈಲ್ ಮೇಲೆ ಬಿಳಿ ಬಳ್ಳಿ ಮುದ್ರಿಸಿ ಅಂಟಿಸಿದ್ದರು. ಬೂಟಿಗಳೆಲ್ಲ ಒಂದೇ ಅಳತೆ, ಎಲ್ಲ ದಂಟೂ ಒಂದೇ ಬಾಗು. ಬಿದರಿಯಲ್ಲಿ ಪಾತ್ರೆಯ ಹೊಟ್ಟೆ ಉಬ್ಬಿದಲ್ಲಿ ಬಳ್ಳಿ ಸಡಿಲಗೊಳ್ಳುತ್ತದೆ, ಕತ್ತು ಸಣ್ಣಗಾದಲ್ಲಿ ಬಿಗಿಯುತ್ತದೆ. ಮುದ್ರಿಸಿದ ಬಳ್ಳಿಗೆ ಯಾವ ಹೊಟ್ಟೆಯೂ ಇಲ್ಲ, ಕತ್ತೂ ಇಲ್ಲ. ಪಕ್ಕದ ಗೋಡೆಯಲ್ಲಿ ಚಾರ್‌ಮಿನಾರಿನ ಗೆರೆಚಿತ್ರ. ಲಿಫ್ಟಿನ ಎದುರು ತೋಟ ವೈಕುಂಠಂ ಅವರ ದೊಡ್ಡ ಕುಂಕುಮದ ಹೆಣ್ಣನ್ನು ಹೋಲುವ ಯಾರದೋ ನಕಲು. ವೈಕುಂಠಂ ಅವರ ಮೂಲ ಚಿತ್ರಗಳಲ್ಲಿ ಆ ಹೆಂಗಸರ ತೋಳಿಗೂ ಹೆಗಲಿಗೂ ದುಡಿದ ಮೈಯ ಭಾರವಿದೆ. ನಕಲಿನಲ್ಲಿ ಕುಂಕುಮ ಮಾತ್ರ ಉಳಿದಿದೆ. ಇವೆಲ್ಲ ‘ನಾವು ಹೈದರಾಬಾದಿನಲ್ಲಿದ್ದೇವೆ’ ಎಂಬ ಫಲಕದ ಕೆಲಸ ಮಾಡುತ್ತವೆ. ಫಲಕವನ್ನು ಒಮ್ಮೆ ಓದಿದರೆ ಮುಗಿಯಿತು, ಮತ್ತೆ ನೋಡಲು ಏನಿರುವುದಿಲ್ಲ.

ಹಾಗಾದರೆ ಇಂದಿನ ಕಲಾವಿದ ಹತ್ತಿರದ್ದನ್ನು ನೋಡುವುದು ಹೇಗೆ? ಇದಕ್ಕೆ ನನಗೆ ಸಿಗುವ ಗಟ್ಟಿ ಉತ್ತರ ಲಕ್ಷ್ಮಾ ಗೌಡ್. 1940ರಲ್ಲಿ ಮೆದಕ್ ಜಿಲ್ಲೆಯ ನಿಜಾಂಪುರದಲ್ಲಿ ಹುಟ್ಟಿದವರು. ಹೈದರಾಬಾದಿನಲ್ಲಿ ಕಲಿತು, 1960ರ ದಶಕದಲ್ಲಿ ಬರೋಡಾಕ್ಕೆ ಹೋಗಿ ಕೆ.ಜಿ. ಸುಬ್ರಹ್ಮಣ್ಯನ್ ಅವರ ಬಳಿ ಪಳಗಿದರು. ಬರೋಡಾದಿಂದ ಹೊರಗಿನ ಜಗತ್ತಿನ ಕಡೆಗೆ ನಡೆಯುವುದು ಸುಲಭವಿತ್ತು. ಅವರು ಮುದ್ರಣದ ತಂತ್ರವನ್ನು ಹೊತ್ತು ತಮ್ಮ ಹಳ್ಳಿಯ ಕಡೆಗೇ ತಿರುಗಿ ನೋಡಿದರು. ಅವರ ಆ ಕಾಲದ ಎಚಿಂಗ್‌ಗಳಲ್ಲಿ ಆಡು, ಗಿಡ, ಬಂಡೆ, ಗಂಡು, ಹೆಣ್ಣು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕಾಮವನ್ನು ಅವರು ಮುಚ್ಚಿಡುವುದಿಲ್ಲ. ಹಳ್ಳಿಯನ್ನು ಪೋಸ್ಟ್‌ಕಾರ್ಡ್ ಮಾಡುವವರಿಗೆ ಅಲ್ಲಿ ಜಾಗವಿಲ್ಲ. ಎಚಿಂಗ್ ಅಂದರೂ ಲೋಹದ ತಗಡಿನಲ್ಲಿ ಗೆರೆ ಕೊರೆದು, ಆ ಗೆರೆಯೊಳಗೆ ಮಸಿ ತುಂಬುವುದೇ. ಹಳೆಯ ಮೆದಕ್ ಜಿಲ್ಲೆ ಬೀದರಿಗೆ ತಾಗಿಕೊಂಡದ್ದು. ಬಿದರಿಯವರು ಕೊರೆತಕ್ಕೆ ಬೆಳ್ಳಿ ತುಂಬಿದರೆ ಇವರು ಕಪ್ಪು ತುಂಬಿದರು. ಒಂದರಿಂದ ಒಂದು ಬಂತು ಎಂದು ನಾನು ಹೇಳುತ್ತಿಲ್ಲ. ಎರಡರಲ್ಲೂ ಗೆರೆ ಮೈಯೊಳಕ್ಕೆ ಇಳಿದಿದೆ ಎಂದಷ್ಟೇ ತೋರಿಸುತ್ತಿದ್ದೇನೆ.

ಅವರ ಈಚಿನ ಬಣ್ಣದ ಕೆಲಸಗಳು ನನ್ನನ್ನು ಅಷ್ಟು ಹಿಡಿಯುವುದಿಲ್ಲ. ಅದೇ ಗಂಡು, ಅದೇ ಹೆಣ್ಣು, ಅದೇ ಆಡು ಮತ್ತೆ ಮತ್ತೆ ಬಂದು, ಗುರುತು ಹಿಡಿಯಲು ಸುಲಭವಾಗಿ, ಕಣ್ಣಿಗೆ ಹಿತವಾಗಿಬಿಟ್ಟಿವೆ. ತಾನೇ ಕಂಡುಕೊಂಡದ್ದು ತನಗೇ ಮಾದರಿಯಾಗಿಬಿಡುವ ಅಪಾಯ ದೊಡ್ಡ ಕಲಾವಿದರಿಗೂ ತಪ್ಪಿದ್ದಲ್ಲ. ಹತ್ತಿರದ್ದನ್ನು ಒಮ್ಮೆ ನೋಡಿದರೆ ಸಾಲದು, ಪ್ರತಿ ಸಲ ಹೊಸದಾಗಿ ನೋಡಬೇಕು.

ಈ ‘ಪ್ರತಿ ಸಲ’ ಎಂಬುದನ್ನು ಯಾವ ಕಲಾಶಾಲೆಯೂ ಇಲ್ಲದೆ ಕಲಿಸುವುದು ಋತು. ಮಹಾಲಯ ಅಮಾವಾಸ್ಯೆಯಿಂದ ದುರ್ಗಾಷ್ಟಮಿಯವರೆಗೆ ತೆಲಂಗಾಣದ ಹೆಂಗಸರು ಬತುಕಮ್ಮ ಕಟ್ಟುತ್ತಾರೆ. 2014ರಲ್ಲಿ ರಾಜ್ಯವಾದ ಮೇಲೆ ಇದು ಸರ್ಕಾರಿ ಹಬ್ಬವೂ ಆಯಿತು. ತಟ್ಟೆಯ ಮೇಲೆ ಕುಂಬಳದ ಎಲೆ ಹಾಸಿ, ಸುತ್ತು ಸುತ್ತಾಗಿ ಹೂ ಜೋಡಿಸಿ, ಗೋಪುರದ ಹಾಗೆ ಮೇಲಕ್ಕೇರಿಸಿ, ತುದಿಯಲ್ಲಿ ಅರಿಸಿನದ ಗೌರಿಯನ್ನು ಕೂರಿಸುತ್ತಾರೆ. ಮುಖ್ಯ ಹೂಗಳು ಎರಡು. ತಂಗೇಡು, ಅಂದರೆ ನಮ್ಮ ತಂಗಡಿ, ಮೈಸೂರು ಕಡೆಯವರ ಆವರಿಕೆ. ಗುನುಗು, ಅಂದರೆ ಹೊಲದಲ್ಲಿ ಕಳೆಯಾಗಿ ಏಳುವ ಅಣ್ಣೆ. ಒಂದು ಬೀಳುನೆಲದ ಪೊದೆ, ಇನ್ನೊಂದು ರೈತ ಕಿತ್ತೆಸೆಯುವ ಗಿಡ. ಮಳೆ ಮುಗಿಯುವ ಹೊತ್ತಿಗೆ ಎರಡೂ ತುಂಬಿ ಬರುತ್ತವೆ. ವಿನ್ಯಾಸವನ್ನು ನಿರ್ಧರಿಸಿದ್ದು ಆ ವರ್ಷದ ಮಳೆ.

ಗುನುಗಿನ ಬೆಳ್ಳನೆಯ ತೆನೆಗಳನ್ನು ಒಂದೇ ಉದ್ದಕ್ಕೆ ಕತ್ತರಿಸಿ, ಕಟ್ಟು ಕಟ್ಟಿ, ತುದಿಯನ್ನು ಬಣ್ಣದ ನೀರಿನಲ್ಲಿ ಅದ್ದುತ್ತಾರೆ. ಹಳದಿ ತಂಗಡಿಯ ಸುತ್ತಿನ ಮೇಲೆ ನೇರಳೆ, ಅದರ ಮೇಲೆ ಮತ್ತೆ ಹಳದಿ. ಬಣ್ಣ ಅದ್ದುವುದನ್ನು ‘ಕೃತಕ’ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಿಕ್ಕ ವಸ್ತುವನ್ನು ಗೌರವಿಸುವುದು ಎಂದರೆ ಮುಟ್ಟದೆ ಬಿಡುವುದಲ್ಲ. ಬಿದರಿಯವರೂ ಸತುವನ್ನು ಹಾಗೇ ಬಿಡಲಿಲ್ಲ. ನನ್ನ ತಕರಾರು ಬೇರೆ: ಬತುಕಮ್ಮ ದೊಡ್ಡದಾದಷ್ಟೂ ಒಳ್ಳೆಯದು ಎಂಬ ಪೈಪೋಟಿ. ಆಳೆತ್ತರ ದಾಟಿದ ಮೇಲೆ ಒಂದೊಂದು ಹೂವಿನ ಲೆಕ್ಕ ತಪ್ಪಿ, ಬಣ್ಣದ ಪಟ್ಟೆ ಮಾತ್ರ ಕಾಣುತ್ತದೆ. ಎರಡು ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಗಾತ್ರವೇ ಇದರ ಸರಿಯಾದ ಅಳತೆ, ಏಕೆಂದರೆ ಇದನ್ನು ಎತ್ತಿಕೊಂಡು ಹೋಗಬೇಕು, ನಡುವೆ ಇಟ್ಟು ಸುತ್ತಲೂ ಚಪ್ಪಾಳೆ ತಟ್ಟಿ ಹಾಡಬೇಕು, ಕೊನೆಗೆ ಕೆರೆಗೆ ಬಿಡಬೇಕು.

ನಮ್ಮ ಬೋರ್ಡುಗಳಲ್ಲಿ ಇಲ್ಲದ್ದು ಈ ಬಿಡುವುದೇ. ನಾವು ಚಿತ್ರಗಳನ್ನು ಉಳಿಸುತ್ತಲೇ ಹೋಗುತ್ತೇವೆ, ಮತ್ತೆ ತೆರೆಯುವುದಿಲ್ಲ. ಬತುಕಮ್ಮ ಕಟ್ಟುವಾಕೆಯ ಹತ್ತಿರ ಹೋದ ವರ್ಷದ್ದು ಏನೂ ಉಳಿದಿರುವುದಿಲ್ಲ, ಕೈಯ ಅಭ್ಯಾಸವೊಂದನ್ನು ಬಿಟ್ಟು. ಈ ವರ್ಷ ಗುನುಗು ಎಲ್ಲಿ ಎದ್ದಿದೆ, ತಂಗಡಿ ಮೊಗ್ಗಾಗಿದೆಯೋ ಅರಳಿದೆಯೋ ಎಂದು ಆಕೆ ಹೊರಗೆ ಹೋಗಿ ನೋಡಲೇಬೇಕು. ಅಪಾರ್ಟ್‌ಮೆಂಟಿನಲ್ಲಿ ಹೂವೂ ಆರ್ಡರ್ ಮಾಡಿದರೆ ಬರುತ್ತದೆ, ಆದರೆ ಹುಡುಕಿಕೊಂಡು ಹೋಗುವಾಗ ನಡೆಯುವ ನೋಟ ಆ ಡಬ್ಬಿಯಲ್ಲಿ ಬರುವುದಿಲ್ಲ.

ಹೈದರಾಬಾದಿಗೆ ಬಂದು ಐದು, ಹತ್ತು ವರ್ಷ ಕಳೆದವರು ನಮ್ಮಲ್ಲಿ ಎಷ್ಟೋ ಜನ. ಬಿರಿಯಾನಿ ಎಲ್ಲಿ ಚೆನ್ನಾಗಿದೆ ಎಂದು ಕೇಳಿದರೆ ಜಗಳವಾಡುವಷ್ಟು ಗೊತ್ತಿದೆ. ನಮ್ಮ ಮನೆಯಿಂದ ಕಚೇರಿಗೆ ಹೋಗುವ ದಾರಿಯಲ್ಲಿ ಆಶ್ವೀಜದ ಮೊದಲ ವಾರ ತಂಗಡಿ ಎಲ್ಲಿ ಅರಳುತ್ತದೆ ಎಂದು ಕೇಳಿದರೆ, ಎಷ್ಟು ಜನ ಕೈ ಚಾಚಿ ತೋರಿಸಬಲ್ಲೆವು?