ಗೋತ್ರಸ್ಖಲನವೂ ಫ್ರಾಯ್ಡನ ಮನಶ್ಶಾಸ್ತ್ರವೂ

ಪ್ರಿಯೆಯ ಮುಂದೆ ಬಾಯಿತಪ್ಪಿ ಮತ್ತೊಬ್ಬಳ ಹೆಸರನ್ನು ನುಡಿಯುವುದನ್ನು ಪ್ರಾಚೀನರು ಗೋತ್ರಸ್ಖಲನವೆಂದು ಕರೆದರು. ಕಾಳಿದಾಸನ ‘ವಿಕ್ರಮೋರ್ವಶೀಯ’ದಲ್ಲಿ ಇದನ್ನು ಹೋಲುವ ಮನೋಹರವಾದ ಪ್ರಸಂಗವೊಂದುಂಟು. ದೇವಲೋಕದ ನಾಟಕದಲ್ಲಿ ಲಕ್ಷ್ಮಿಯ ಪಾತ್ರವನ್ನು ವಹಿಸಿದ ಊರ್ವಶಿಯು, ಹೃದಯವು ಯಾರಲ್ಲಿ ನೆಲಸಿದೆಯೆಂಬ ಪ್ರಶ್ನೆಗೆ ಪುರುಷೋತ್ತಮನಲ್ಲಿ ಎನ್ನಬೇಕಾದಲ್ಲಿ ಪುರೂರವನಲ್ಲಿ ಎಂದುಬಿಡುತ್ತಾಳೆ. ಭರತಮುನಿಯು ಶಪಿಸುತ್ತಾನೆ, ಇಂದ್ರನು ಆ ಶಾಪವನ್ನೇ ವರಪ್ರಾಯವಾಗಿ ಮಾರ್ಪಡಿಸಿ ಅವಳನ್ನು ರಾಜನ ಬಳಿಗೆ ಕಳುಹಿಸುತ್ತಾನೆ. ಹೆಸರುಗಳ ನಾದಸಾಮ್ಯವು ನಾಲಗೆ ಜಾರುವುದಕ್ಕೆ ಎಡೆಗೊಟ್ಟಿತು. ಹೃದಯದ ಒಲವು ಅದನ್ನು ಒಂದು ದಿಕ್ಕಿಗೆ ಎಳೆಯಿತು.

ಕವಿಗೆ ತಿಳಿದಿದ್ದ ಈ ಮರ್ಮವನ್ನು ಶಾಸ್ತ್ರದ ಪದವಿಗೆ ಏರಿಸಲು ಯತ್ನಿಸಿದವನು ವಿಯೆನ್ನಾ ನಗರದ ವೈದ್ಯನಾದ ಸಿಗ್ಮಂಡ್ ಫ್ರಾಯ್ಡನು. ನಿತ್ಯಜೀವನದ ಮನೋವಿಕಾರಗಳನ್ನು ಕುರಿತ ಅವನ ಕೃತಿಯು 1901ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಮೊದಲು ಪ್ರಕಟವಾಗಿ, 1904ರಲ್ಲಿ ಪುಸ್ತಕರೂಪವನ್ನು ತಾಳಿತು. ಹೆಸರು ಮರೆಯುವುದು, ಓದುವಾಗ ಬರೆಯುವಾಗ ತಪ್ಪುವುದು, ಕೈಯ ವಸ್ತುವನ್ನು ಬೀಳಿಸುವುದು ಇವೆಲ್ಲವೂ ಆಕಸ್ಮಿಕಗಳಲ್ಲ. ಅದುಮಿಟ್ಟ ಆಸೆಯೋ ಅಳುಕೋ ಸುಪ್ತಚಿತ್ತದಿಂದ ತಲೆಯೆತ್ತುವ ಬಗೆಗಳು ಎಂಬುದು ಗ್ರಂಥದ ಸಾರ. ಕಥೆಗಾರನ ಸೊಗಸಿನಿಂದ ಬರೆದ ಈ ಗ್ರಂಥವನ್ನು ಓದುತ್ತಿರುವಷ್ಟು ಕಾಲ ಒಪ್ಪದಿರುವುದು ಕಷ್ಟ. ಆದರೆ ಸೊಗಸೇ ಪ್ರಮಾಣವಲ್ಲ.

ಗ್ರಂಥದ ಪ್ರಸಿದ್ಧವಾದ ಉದಾಹರಣೆಯೊಂದನ್ನು ಪರಿಶೀಲಿಸುವುದು ಉಚಿತ. ವಿದ್ಯಾವಂತನಾದ ತರುಣನೊಬ್ಬನು ರೋಮಿನ ಮಹಾಕವಿ ವರ್ಜಿಲನ ಪಂಕ್ತಿಯೊಂದನ್ನು ಹೇಳುವಾಗ ‘ಯಾರೋ ಒಬ್ಬನು’ ಎಂಬರ್ಥದ ‘ಆಲಿಕ್ವಿಸ್’ ಎಂಬ ಲ್ಯಾಟಿನ್ ಪದವನ್ನು ಮರೆತನು. ಮನಸ್ಸಿಗೆ ತೋಚಿದುದನ್ನೆಲ್ಲ ಹೇಳೆಂದು ಫ್ರಾಯ್ಡನು ಅವನನ್ನು ಪ್ರೇರಿಸಿದನು. ಆ ಪದದಿಂದ ದ್ರವಕ್ಕೆ, ದ್ರವದಿಂದ ನೇಪಲ್ಸ್ ನಗರದಲ್ಲಿ ನಿಯತಕಾಲಕ್ಕೆ ಕರಗುವುದೆಂಬ ಸಂತನ ರಕ್ತಕ್ಕೆ, ಅಲ್ಲಿಂದ ತನಗೆ ಪರಿಚಿತಳಾದ ಸ್ತ್ರೀಯೊಬ್ಬಳು ಗರ್ಭಿಣಿಯಾಗಿರಬಹುದೇ ಎಂಬ ಅಳುಕಿಗೆ ಆ ತರುಣನು ಬಂದು ಮುಟ್ಟಿದನು. ಗುಟ್ಟು ರಟ್ಟಾಯಿತು, ಫ್ರಾಯ್ಡನು ಗೆದ್ದನು.

ಈ ಗೆಲುವನ್ನು ಪ್ರಶ್ನಿಸಿದವರಲ್ಲಿ ಮುಖ್ಯನಾದವನು ವೈದ್ಯನಲ್ಲ, ಪ್ರಾಚೀನ ಗ್ರಂಥಗಳ ಪಾಠಪರಿಷ್ಕರಣದಲ್ಲಿ ನುರಿತ ಇಟಲಿಯ ವಿದ್ವಾಂಸ ಸೆಬಾಸ್ಟಿಯಾನೋ ಟಿಂಪನಾರೋ. 1974ರಲ್ಲಿ ಪ್ರಕಟವಾದ ಅವನ ಗ್ರಂಥದ ವಾದವು ಸರಳವಾದುದು. ಆ ಪಂಕ್ತಿಯಲ್ಲಿ ಕ್ರಿಯಾಪದವು ಮಧ್ಯಮಪುರುಷದಲ್ಲಿದ್ದು, ಜೊತೆಯಲ್ಲಿ ‘ಯಾರೋ ಒಬ್ಬನು’ ಎಂಬ ಪದವಿದೆ. ಈ ಅಪೂರ್ವ ಪ್ರಯೋಗವು ಜರ್ಮನ್ ಭಾಷಿಕನ ಕಿವಿಗೆ ಒಗ್ಗದು. ಒಗ್ಗದ ಪದವು ಜಾರಿಹೋಗುವುದು ಸಹಜ. ತಾಳೆಯೋಲೆಯ ಪ್ರತಿಗಳನ್ನು ಶೋಧಿಸಿದ ಕನ್ನಡ ಪಂಡಿತರಿಗೆ ಈ ಮಾತು ಹೊಸದಲ್ಲ. ಅಪರಿಚಿತವಾದ ಹಳಗನ್ನಡ ಪದವನ್ನು ಕಂಡ ಲಿಪಿಕಾರನು ತನಗೆ ತಿಳಿದ ಪದವನ್ನು ಅಲ್ಲಿ ಕೂರಿಸಿದರೆ, ಅವನ ಗೃಹಕಲಹವನ್ನು ಯಾರೂ ಶಂಕಿಸುವುದಿಲ್ಲ. ಇದಲ್ಲದೆ, ತರುಣನು ಪಂಕ್ತಿಯ ಬೇರೆ ಯಾವ ಪದವನ್ನು ಮರೆತಿದ್ದರೂ ಅದೇ ಅಳುಕಿಗೆ ದಾರಿ ಕಲ್ಪಿಸಬಹುದಿತ್ತೆಂದು ಟಿಂಪನಾರೋ ತೋರಿಸಿದನು. ಎಲ್ಲ ದಾರಿಗಳೂ ಒಂದೇ ಮನೆಯನ್ನು ಸೇರುವುದಾದರೆ, ಆ ದಾರಿಯಿಂದಲೇ ಮರೆವು ಬಂದಿತೆಂಬುದಕ್ಕೆ ಸಾಕ್ಷ್ಯವೇನು?

ಆಯಾಸವೂ ಅನ್ಯಮನಸ್ಕತೆಯೂ ತಪ್ಪಿಗೆ ಕಾರಣವೆಂಬವರಿಗೆ ಫ್ರಾಯ್ಡನು ಒಂದು ದೃಷ್ಟಾಂತದಿಂದ ಉತ್ತರವಿತ್ತಿದ್ದನು: ನಿರ್ಜನವಾದ ಬೀದಿಯಲ್ಲಿ ಗಡಿಯಾರವು ಕಳುವಾದರೆ ಕದ್ದುದು ಕತ್ತಲೆಯಲ್ಲ, ಕತ್ತಲೆಯ ಅನುಕೂಲವನ್ನು ಪಡೆದ ಕಳ್ಳನು. ದೃಷ್ಟಾಂತವು ಚತುರವಾದುದು. ಆದರೆ ಕಳ್ಳನನ್ನು ಹುಡುಕುವ ಮೊದಲು ಗಡಿಯಾರವು ಕಳುವಾಯಿತೋ ಜೇಬಿನಿಂದ ಜಾರಿಬಿದ್ದಿತೋ ಎಂಬುದು ನಿಶ್ಚಯವಾಗಬೇಡವೇ? ‘ಹಾಲು ಕಾಯಿಸು’ ಎನ್ನಹೋಗಿ ‘ಕಾಲು ಹಾಯಿಸು’ ಎಂದವಳ ನಾಲಗೆಯಲ್ಲಿ ಕಳ್ಳನಿಲ್ಲ. ಮುಂದೆ ಬರಬೇಕಾದ ಅಕ್ಷರವು ಅವಸರದಿಂದ ಹಿಂದಕ್ಕೆ ಬಂದಿದೆ, ಅಷ್ಟೆ. ಇಂಥ ವರ್ಣವ್ಯತ್ಯಯಗಳನ್ನು ಮೆರಿಂಗರ್ ಮತ್ತು ಮೇಯರ್ ಎಂಬಿಬ್ಬರು 1895ರಲ್ಲಿಯೇ ಸಂಗ್ರಹಿಸಿ ಪ್ರಕಟಿಸಿದ್ದರು.

ಹಾಗೆಂದು ಫ್ರಾಯ್ಡನ ಮಾತು ಸರ್ವಥಾ ಹುಸಿಯೆಂದರೆ ನ್ಯಾಯವಾಗದು. 1979ರಲ್ಲಿ ಅಮೆರಿಕದ ಮೋಟ್ಲಿ ಮತ್ತು ಬಾರ್ಸ್ ಎಂಬವರು, ಅಕ್ಷರಗಳು ಅದಲುಬದಲಾಗುವಂತೆ ಜೋಡಿಸಿದ ಪದಗಳನ್ನು ಓದಿಸಿ ಪರೀಕ್ಷಿಸಿದರು. ವಿದ್ಯುದಾಘಾತವಾದೀತೆಂಬ ಭಯದಲ್ಲಿದ್ದವರ ನಾಲಗೆ ಆಘಾತದ ಮಾತುಗಳತ್ತ ಹೆಚ್ಚಾಗಿ ಜಾರಿತು. ಸುಂದರಿಯ ಸನ್ನಿಧಿಯಲ್ಲಿದ್ದವರ ನಾಲಗೆ ಶೃಂಗಾರದ ಮಾತುಗಳತ್ತ ಜಾರಿತು. ಎಡವುವುದಕ್ಕೆ ಕಲ್ಲು ಬೇರೆ ಇತ್ತು. ಬೀಳುವ ದಿಕ್ಕನ್ನು ಮನಸ್ಸು ನಿರ್ಣಯಿಸಿತು. ಕೆಲವು ತಪ್ಪುಗಳ ವಿಷಯದಲ್ಲಿ ಫ್ರಾಯ್ಡನ ಮಾತು ನಿಜ. ಎಲ್ಲ ತಪ್ಪುಗಳಿಗೂ ಅದನ್ನು ವಿಧಿಸಿದುದೇ ದೋಷ.

ಈ ವಿವೇಚನೆಯು ಪಂಡಿತರ ವಿನೋದವೆಂದು ಎಣಿಸಬಾರದು. ಮನಸ್ಸಿನ ಸ್ವಾಸ್ಥ್ಯಕ್ಕೂ ಇದಕ್ಕೂ ನಿಕಟವಾದ ಸಂಬಂಧವಿದೆ. ಮಗುವನ್ನು ಎತ್ತಿಕೊಂಡ ತಾಯಿಗೆ ‘ಕೈಬಿಟ್ಟರೆ?’ ಎಂಬ ಘೋರವಾದ ಆಲೋಚನೆ ಕ್ಷಣಮಾತ್ರ ಸುಳಿಯಬಹುದು. ಇಂಥ ಬೇಡದ ಆಲೋಚನೆಗಳು ಗೀಳಿನ ರೋಗಿಗಳಿಗೆ ಮಾತ್ರವಲ್ಲ, ಆರೋಗ್ಯವಂತರಲ್ಲಿ ಬಹುಮಂದಿಗೆ ಬರುವುವೆಂದು ರಾಖ್ಮನ್ ಮತ್ತು ದ ಸಿಲ್ವ ಎಂಬ ಸಂಶೋಧಕರು 1978ರಲ್ಲಿ ತೋರಿಸಿದರು. ಒಬ್ಬನು ಅದನ್ನು ಮೋಡದ ನೆರಳೆಂದು ಬಿಟ್ಟುಬಿಡುತ್ತಾನೆ. ಮತ್ತೊಬ್ಬನು ಅದೇ ತನ್ನ ನಿಜಸ್ವರೂಪವೆಂದು ನಂಬಿ ನಿದ್ರೆಗೆಡುತ್ತಾನೆ. ರೋಗವು ಬಲಿಯುವುದು ಆಲೋಚನೆಯಿಂದಲ್ಲ, ಅದಕ್ಕೆ ಆರೋಪಿಸಿದ ಅರ್ಥದಿಂದ ಎಂಬ ಅಭಿಪ್ರಾಯವು ಈ ದಾರಿಯಲ್ಲಿಯೇ ಬೆಳೆಯಿತು. ಹೀಗಿರಲು, ಜಾರಿದ ಮಾತಿಗೆಲ್ಲ ಪಾಪದ ವ್ಯಾಖ್ಯಾನವನ್ನು ಬರೆಯುವ ಅಭ್ಯಾಸವು ಮೃದುಹೃದಯರಿಗೆ ಔಷಧವಾಗದೆ ವಿಷವಾದೀತು.

ವಿಪರ್ಯಾಸವೆಂದರೆ, ಈ ಹೊಸ ತಿಳಿವಿಗೆ ಫ್ರಾಯ್ಡನ ಗ್ರಂಥವೇ ಒಂದು ಮೂಲ. ಸ್ವಸ್ಥರಿಗೂ ಮನೋರೋಗಿಗಳಿಗೂ ನಡುವಣ ಗೆರೆಯು ಸ್ಥಿರವಾದುದಲ್ಲ, ಎಲ್ಲರೂ ಸ್ವಲ್ಪಮಟ್ಟಿಗೆ ರೋಗಿಗಳೇ ಎಂದು ಅದರ ಕಡೆಯ ಅಧ್ಯಾಯವು ಸಾರುತ್ತದೆ. ಹುಚ್ಚರೆಂದು ದೂರವಿರಿಸಿದವರನ್ನು ಬಂಧುಗಳ ಪಂಕ್ತಿಯಲ್ಲಿ ಕುಳ್ಳಿರಿಸಿದ ಆ ಒಂದು ಮಾತಿಗಾಗಿ ಗ್ರಂಥವು ಪೂಜ್ಯವಾದುದು. ಕಾವ್ಯದಲ್ಲಿ ನಾಲಗೆ ತಪ್ಪಿದರೆ ಅದರ ಹಿಂದೆ ಕವಿಯ ಸಂಕಲ್ಪವಿರುತ್ತದೆ. ಅರ್ಥವನ್ನು ಹುಡುಕುವುದು ಸಹೃದಯನ ಧರ್ಮ. ಮನೆಯಲ್ಲಿ ನಾಲಗೆ ತಪ್ಪಿದರೆ, ಕೇಳಿದವರು ನಕ್ಕು ಮುಂದಕ್ಕೆ ಹೋಗುವುದೂ ಹಲವು ವೇಳೆ ಸಹೃದಯತೆಯೇ.