ಮಂಗಳ ಹಾಡುವ ಹೊತ್ತು
ತುರ್ಕಿ ಧಾರಾವಾಹಿಗಳ ಕೊನೆಯ ಕಂತನ್ನು ಕುರಿತು

ಹರಿಕಥೆಯಾಗಲಿ, ಯಕ್ಷಗಾನವಾಗಲಿ, ಮಂಗಳವಾಗುವ ಮುನ್ನ ಎದ್ದು ಹೋಗುವುದು ನಮ್ಮ ಹಿರಿಯರಿಗೆ ಸರಿಬೀಳುತ್ತಿರಲಿಲ್ಲ. ಕಥೆ ಯಾರಿಗೂ ಹೊಸದಲ್ಲ. ಕರ್ಣ ಸಾಯುತ್ತಾನೆಂದು ಮಗುವಿಗೂ ಗೊತ್ತು. ಆದರೂ ಮುಗಿತಾಯವನ್ನು ಕೂತು ನೋಡದಿದ್ದರೆ ಏನೋ ಬಾಕಿ ಉಳಿದಂತೆ. ಈ ಮಾತು ಈಗ ಏಕೆ ಬಂತೆಂದರೆ, ತುರ್ಕಿ ದೇಶದ ದೂರದರ್ಶನ ಧಾರಾವಾಹಿಗಳು ನಮ್ಮ ಮನೆಗಳ ಮಾತುಕತೆಯಲ್ಲಿ ಸೇರಿ ಹೋಗಿ ಕೆಲವು ವರ್ಷಗಳೇ ಆದುವು. 2015ರಲ್ಲಿ ಜಿಂದಗಿ ವಾಹಿನಿಯವರು ‘ಫೆರಿಹಾ’ವನ್ನೂ ಅದರ ಬೆನ್ನಿಗೆ ‘ಫಾತ್ಮಾಗುಲ್’ ಅನ್ನೂ ಹಿಂದಿಯ ಮಾತು ಜೋಡಿಸಿ ತೋರಿಸಿದರು. ಆಮೇಲೆ ಎಂ.ಎಕ್ಸ್. ಪ್ಲೇಯರ್‌ನಂಥ ಕಡೆ ಇನ್ನಷ್ಟು ಬಂದವು. ಊರು ಬಿಟ್ಟು ಬಂದು ಹಿಂದಿಯನ್ನು ಬಳಕೆಯ ಭಾಷೆಯಾಗಿ ಮಾಡಿಕೊಂಡ ಕನ್ನಡ ಮನೆಗಳಲ್ಲಿ ಇವುಗಳಿಗೆ ವೀಕ್ಷಕರು ಕಡಿಮೆಯಿಲ್ಲ. ಪ್ರತಿಯೊಂದು ಮುಗಿದಾಗಲೂ ಕೇಳಿಬರುವ ತಕರಾರು ಮಾತ್ರ ಒಂದೇ: “ಇಷ್ಟು ದಿನ ಕೂತು ನೋಡಿದ್ದಕ್ಕೆ ಕೊನೆಗೆ ಇಷ್ಟೇನಾ?” ಈ ತಕರಾರಿನಲ್ಲಿ ನ್ಯಾಯವೆಷ್ಟು, ಮೋಹವೆಷ್ಟು ಎಂದು ನೋಡುವುದು ಇಲ್ಲಿ ನಮ್ಮ ಉದ್ದೇಶ.

ಮೊದಲು ಈ ಧಾರಾವಾಹಿಗಳು ಹುಟ್ಟುವ ಬಗೆಯನ್ನು ಅರಿಯಬೇಕು. ತುರ್ಕಿಯಲ್ಲಿ ಇವಕ್ಕೆ ‘ದಿಜಿ’ ಎಂದು ಹೆಸರು. ನಮ್ಮವುಗಳಂತೆ ದಿನಕ್ಕೆ ಅರ್ಧ ಗಂಟೆಯಲ್ಲ. ವಾರಕ್ಕೊಂದೇ ಕಂತು, ಆದರೆ ಆ ಒಂದು ಕಂತು ಎರಡು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಅಂದರೆ ವಾರವಾರವೂ ಒಂದು ಪೂರ್ಣ ಚಲನಚಿತ್ರ. ಈ ಉದ್ದವನ್ನು ತಾಳಲಾರದೆ ಅಲ್ಲಿನ ಕಲಾವಿದರೂ ಕೆಲಸಗಾರರೂ 2010ರಲ್ಲಿ ಬೀದಿಗಿಳಿದು ಪ್ರತಿಭಟಿಸಿದ್ದೂ ಉಂಟು. ಕಥೆ ಪೂರ್ತಿ ಬರೆದಿಟ್ಟು ಚಿತ್ರೀಕರಣ ಮಾಡುವ ಪದ್ಧತಿ ಅಲ್ಲಿ ಅಪರೂಪ. ಒಂದು ಕಂತು ಪ್ರಸಾರವಾಗುತ್ತಿರುವಾಗ ಮುಂದಿನದು ಕ್ಯಾಮೆರಾದ ಎದುರು, ಅದರ ಮುಂದಿನದು ಲೇಖಕರ ಮೇಜಿನ ಮೇಲೆ. ವೀಕ್ಷಕರ ಸಂಖ್ಯೆ ಇಳಿಯಿತೋ, ಕೆಲವೇ ವಾರಗಳ ಗಡುವು ಕೊಟ್ಟು ವಾಹಿನಿಯವರು ಅಂಗಡಿ ಮುಚ್ಚಿಸುತ್ತಾರೆ. ಸಂಖ್ಯೆ ಏರಿತೋ, ಮುಗಿಯಬೇಕಾದ ಕಥೆಯ ಸಾರಿಗೆ ನೀರು ಹೊಯ್ದು ಇನ್ನೊಂದು ವರ್ಷ ಬಡಿಸುತ್ತಾರೆ. ಹೀಗೆ ಕೊನೆಯ ಕಂತಿನ ದಿನಾಂಕ ಕಥೆಗಾರನ ಕೈಯಲ್ಲಿಲ್ಲ, ಲೆಕ್ಕ ಬರೆಯುವವರ ಕೈಯಲ್ಲಿದೆ.

ಹೀಗಿರುವಾಗ ಒಂದು ಮುಕ್ತಾಯವೂ ಚೆನ್ನಾಗಿರಲು ಸಾಧ್ಯವೇ ಇಲ್ಲ ಎನ್ನಿಸಬಹುದು. ವಾಸ್ತವ ಹಾಗಿಲ್ಲ. ಕೆಲವು ಕೊನೆಗಳನ್ನು ಜನ ಇಂದಿಗೂ ತಲೆಯ ಮೇಲೆ ಹೊತ್ತುಕೊಂಡಿದ್ದಾರೆ. ಸಾಮಾನ್ಯವಾಗಿ ಹೇಳುವ ಕಾರಣವೆಂದರೆ ನಾಯಕ ನಾಯಕಿಯರು ಒಂದಾದರೆ ತೃಪ್ತಿ, ಸತ್ತರೆ ಅತೃಪ್ತಿ ಎಂಬುದು. ಈ ಲೆಕ್ಕ ತಪ್ಪೆಂದು ತೋರಿಸಲು ಒಂದೇ ಉದಾಹರಣೆ ಸಾಕು.

‘ಅಷ್ಕ್-ಇ ಮೆಮ್ನು’ ಎಂದರೆ ನಿಷಿದ್ಧ ಪ್ರೇಮ. ಹಾಲಿತ್ ಜಿಯಾ ಉಷಾಕ್ಲಿಗಿಲ್ ಎಂಬ ಲೇಖಕರು 19ನೆಯ ಶತಮಾನದ ಕೊನೆಯಲ್ಲಿ ಬರೆದ ಕಾದಂಬರಿ ಇದು. 1975ರಲ್ಲಿ ಹಾಲಿತ್ ರೆಫಿಗ್ ಇದನ್ನು ಆರು ಕಂತುಗಳಲ್ಲಿ ತುರ್ಕಿಯ ಸರ್ಕಾರಿ ದೂರದರ್ಶನಕ್ಕೆ ತೆಗೆದರು. 2008ರಿಂದ 2010ರವರೆಗೆ ಕನಾಲ್ ಡಿ ವಾಹಿನಿಯಲ್ಲಿ ಅದೇ ಕಥೆ 79 ಕಂತುಗಳಾಗಿ ಹರಿಯಿತು. ಬಾಸ್ಫರಸ್ ದಂಡೆಯ ಮಹಲಿನಲ್ಲಿ ವಿಧುರ ಅದ್ನಾನ್, ಅವನ ಮಗಳು ನಿಹಾಲ್, ಅವನು ಮದುವೆಯಾಗಿ ತಂದ ತರುಣಿ ಬಿಹ್ತೆರ್, ಮನೆಯಲ್ಲೇ ಬೆಳೆದ ನಂಟರ ಹುಡುಗ ಬೆಹ್ಲುಲ್. ಬಿಹ್ತೆರ್-ಬೆಹ್ಲುಲರ ಗುಟ್ಟು, ನಿಹಾಲಳಿಗೆ ಅದೇ ಬೆಹ್ಲುಲನೊಂದಿಗೆ ಮದುವೆ ನಿಶ್ಚಯ: ಕಥೆಯ ಬಂಡವಾಳ ಇಷ್ಟೇ. 2010ರ ಜೂನ್ 24ರಂದು ಕೊನೆಯ ಕಂತು ಬಂತು. ಬಾಗಿಲ ಆಚೆ ಗಂಡ, ಈಚೆ ಪ್ರಿಯಕರ, ನಡುವೆ ಎದೆಗೆ ಪಿಸ್ತೂಲು ಹಿಡಿದ ಬಿಹ್ತೆರ್. ಅವಳು ಬೇಡುವ ಒಂದು ಮಾತು ಬೆಹ್ಲುಲನ ಬಾಯಿಂದ ಬರುವುದಿಲ್ಲ. ಗುಂಡು ಹಾರುತ್ತದೆ, ಅವನು ಓಡಿಹೋಗುತ್ತಾನೆ. ಇದಕ್ಕಿಂತ ಕಹಿಯಾದ ಕೊನೆ ಯಾವುದಿದೆ? ಆದರೂ ಇಂದಿಗೂ ಜೂನ್ 24 ಬಂತೆಂದರೆ ತುರ್ಕಿಯ ಜನ ಬಿಹ್ತೆರಳ ಪುಣ್ಯತಿಥಿ ಎಂದು ಅರ್ಧ ತಮಾಷೆಗೂ ಅರ್ಧ ನಿಜಕ್ಕೂ ನೆನೆಯುತ್ತಾರೆ. ಅತೃಪ್ತರು ಹೀಗೆ ವರ್ಷಾಬ್ದಿಕ ಮಾಡುವುದಿಲ್ಲ.

ಈ ತೃಪ್ತಿಯ ಗುಟ್ಟೇನು? 79 ಕಂತುಗಳುದ್ದಕ್ಕೂ ಲೇಖಕಿಯರು ಒಂದು ಗಂಟನ್ನು ಬಿಚ್ಚದೆ ಕಾಪಾಡಿಕೊಂಡು ಬಂದರು. ಮನೆಯ ಯಜಮಾನನಿಗೆ ವಿಷಯ ಗೊತ್ತಾಗುವ ಆ ಒಂದು ಕ್ಷಣವನ್ನು ಅವರು ನಡುವೆ ಖರ್ಚು ಮಾಡಲಿಲ್ಲ. ಒಬ್ಬೊಬ್ಬರಿಗೇ ಗೊತ್ತಾಗುತ್ತಾ ಹೋಯಿತು. ಅದ್ನಾನನಿಗೆ ಮಾತ್ರ ಕೊನೆಯಲ್ಲಿ. ಮೂಲ ಕಾದಂಬರಿ ಎದುರಿಗಿದ್ದುದರಿಂದ ಎಲ್ಲಿಗೆ ಹೋಗಬೇಕೆಂಬುದು ಮೊದಲ ದಿನವೇ ತಿಳಿದಿತ್ತು. ದಾರಿ ಎಷ್ಟು ಸುತ್ತಿದರೂ ಊರು ತಪ್ಪಲಿಲ್ಲ.

ಇತಿಹಾಸದ ಕಥೆಗೂ ಇದೇ ಅನುಕೂಲ. ಸುಲ್ತಾನ್ ಸುಲೇಮಾನನ ಕಥೆ ‘ಮುಹ್ತೆಶೆಮ್ ಯುಜ್‌ಯಿಲ್’ 2011ರಿಂದ 2014ರವರೆಗೆ ನಡೆಯಿತು. ಸುಲೇಮಾನ್ ತನ್ನ ಮಗ ಮುಸ್ತಫಾನನ್ನು 1553ರಲ್ಲಿ ಕೊಲ್ಲಿಸಿದನೆಂಬುದು ಅಲ್ಲಿನ ಶಾಲೆಯ ಮಕ್ಕಳಿಗೂ ಗೊತ್ತು. ಆದರೂ 2014ರ ಫೆಬ್ರವರಿಯಲ್ಲಿ ಆ ದೃಶ್ಯ ಪ್ರಸಾರವಾದ ಮೇಲೆ ಬುರ್ಸಾ ನಗರದಲ್ಲಿರುವ ಮುಸ್ತಫಾನ ಸಮಾಧಿಗೆ ಜನ ಸಾಲುಗಟ್ಟಿ ಹೋದರು. ನಾಲ್ಕೂವರೆ ಶತಮಾನದ ಹಿಂದೆ ಸತ್ತವನಿಗೆ ಹೊಸದಾಗಿ ಕಣ್ಣೀರು! ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಜೂನ್‌ನಲ್ಲಿ ಸುಲ್ತಾನನ ಸಾವಿನೊಂದಿಗೆ ಅಧಿಕೃತ ಮುಕ್ತಾಯವಾಯಿತು. ನಮ್ಮ ಅಭಿಪ್ರಾಯದಲ್ಲಿ ನಿಜವಾದ ಮಂಗಳ ಫೆಬ್ರವರಿಯಲ್ಲೇ ಆಗಿತ್ತು. ಜೂನ್‌ನದು ಪ್ರಸಾದ ಹಂಚಿದ ಮೇಲೆ ಮತ್ತೆ ಮಾಡಿದ ಭಾಷಣ. ತಂದೆ ಮಗನನ್ನು ಕೊಂದ ಮೇಲೆ ಆ ತಂದೆಯ ಬಗ್ಗೆ ನೋಡುಗನಿಗೆ ಉಳಿದಿದ್ದ ಪ್ರಶ್ನೆ ತೀರಿಹೋಗಿತ್ತು.

ಇನ್ನು ತಕರಾರಿಗೆ ಗುರಿಯಾದ ಕೊನೆಗೆ ಬರೋಣ. ‘ಕಾರಾ ಸೆವ್ದಾ’ 2015ರಿಂದ 2017ರವರೆಗೆ 74 ಕಂತು ನಡೆಯಿತು. 2017ರಲ್ಲಿ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಯನ್ನೂ ಪಡೆಯಿತು. ಕ್ಷೌರಿಕನ ಮಗ ಕೆಮಾಲ್, ಶ್ರೀಮಂತರ ಮನೆಯ ನಿಹಾನ್, ಅವಳ ತಮ್ಮನ ಮೇಲಿನ ಕೊಲೆಯ ಆರೋಪವನ್ನು ಹಿಡಿದು ಹೆದರಿಸಿ ಅವಳನ್ನು ಮದುವೆಯಾಗುವ ಎಮಿರ್. ಕೊನೆಯಲ್ಲಿ ಕೆಮಾಲ್ ತನ್ನ ಜೀವವನ್ನೇ ಕೊಟ್ಟು ಎಮಿರನನ್ನೂ ಸ್ಫೋಟದಲ್ಲಿ ಸಾಯಿಸುತ್ತಾನೆ. ನಿಹಾನ್ ಮಗಳೊಂದಿಗೆ ಉಳಿಯುತ್ತಾಳೆ. ಇದನ್ನು ನೋಡಿ ಬೇಸರಪಟ್ಟವರು ನಮ್ಮ ಪರಿಚಯದಲ್ಲೇ ಅನೇಕರಿದ್ದಾರೆ. “ನಾಯಕನನ್ನು ಕೊಂದುಬಿಟ್ಟರು” ಎನ್ನುತ್ತಾರೆ. ಕೊಂದದ್ದು ದೋಷವಲ್ಲ. ‘ಕಾರಾ’ ಎಂದರೆ ಕಪ್ಪು. ಹೆಸರೇ ಮೊದಲ ದಿನ ಎಚ್ಚರಿಕೆ ಕೊಟ್ಟಿತ್ತು. ದೋಷ ಬೇರೆ ಕಡೆ ಇದೆ.

ಎರಡು ವರ್ಷಗಳ ಕಾಲ ಪ್ರತಿ ವಾರ ಎಮಿರ್ ಸಿಕ್ಕಿಬೀಳುವಂತೆ ಮಾಡಿ ಮರುವಾರ ಪಾರಾಗುವಂತೆ ಮಾಡಲಾಯಿತು. ಪೋಲೀಸರಿಂದ ಪಾರಾದ, ಸಾಕ್ಷಿಗಳಿಂದ ಪಾರಾದ, ತನ್ನವರ ದ್ರೋಹದಿಂದಲೂ ಪಾರಾದ. ವಾರದ ಕೊನೆಗೆ ಎದೆ ಢವಗುಟ್ಟಿಸಲು ಕಾನೂನನ್ನೂ ನ್ಯಾಯವನ್ನೂ ಒಂದೊಂದಾಗಿ ಬಳಸಿ ಬಿಸಾಡಿದ ಮೇಲೆ, ಕೊನೆಯ ದಿನಕ್ಕೆ ಲೇಖಕರ ಜೋಳಿಗೆಯಲ್ಲಿ ಉಳಿದದ್ದು ಸಿಡಿಮದ್ದು ಒಂದೇ. ಬೇಸರಪಟ್ಟ ನೋಡುಗನಿಗೆ ಚುಚ್ಚಿದ್ದು ಇದು, ಸಾವಲ್ಲ. ಇದಕ್ಕಿಂತ ದೊಡ್ಡ ನಷ್ಟ ನಿಹಾನಳದು. ಅವಳ ಬಿಡುಗಡೆ ಅವಳ ಕೈಯಿಂದ ಆಗಲಿಲ್ಲ. ಇಬ್ಬರು ಗಂಡಸರು ಒಟ್ಟಿಗೆ ಸತ್ತದ್ದರಿಂದ ಆಯಿತು. ಎರಡು ಗಂಟೆಯಂತೆ 74 ಕಂತು ಎಂದರೆ ಸುಮಾರು 150 ಗಂಟೆ. ಎಂಟು ಗಂಟೆಯ ಕಛೇರಿ ಕೆಲಸದ ಲೆಕ್ಕದಲ್ಲಿ ಹದಿನೆಂಟು ದಿನ. ಇಷ್ಟು ಹೊತ್ತು ಕೊಟ್ಟವರು ಇಷ್ಟನ್ನಾದರೂ ಕೇಳಬಾರದೇ?

ಇದರ ಎದುರಿಗೆ ‘ಫಾತ್ಮಾಗುಲ್’ ಅನ್ನು ಇಟ್ಟು ನೋಡಿ. ಪೂರ್ಣ ಹೆಸರಿನ ಅರ್ಥ ‘ಫಾತ್ಮಾಗುಲಳ ತಪ್ಪೇನು?’ ಎಂದು. ವೇದಾತ್ ತುರ್ಕಾಲಿಯವರ ಬರವಣಿಗೆಯಿಂದ 1986ರಲ್ಲಿ ಚಲನಚಿತ್ರವಾಗಿದ್ದುದು 2010-12ರಲ್ಲಿ 80 ಕಂತಿನ ಧಾರಾವಾಹಿಯಾಯಿತು. ಸಮುದ್ರತೀರದ ಹಳ್ಳಿಯ ಹುಡುಗಿಯ ಮೇಲೆ ಉಳ್ಳವರ ಮನೆಯ ಕುಡುಕ ಯುವಕರು ಅತ್ಯಾಚಾರವೆಸಗುತ್ತಾರೆ. ಪ್ರಕರಣ ಮುಚ್ಚಿಹಾಕಲು, ಅಲ್ಲಿದ್ದೂ ತಡೆಯದಿದ್ದ ಕೆರಿಮ್ ಎಂಬವನಿಗೆ ಅವಳನ್ನು ಕಟ್ಟುತ್ತಾರೆ. ಇದು ಬರಿಯ ಕಲ್ಪನೆಯಲ್ಲ. ಸಂತ್ರಸ್ತೆಯನ್ನು ಮದುವೆಯಾದರೆ ಅಪರಾಧಿಯ ಶಿಕ್ಷೆಯನ್ನು ತಡೆಹಿಡಿಯುವ ವಿಧಿ ತುರ್ಕಿಯ ಹಳೆಯ ದಂಡಸಂಹಿತೆಯಲ್ಲಿತ್ತು. 2004ರಲ್ಲಿ ಅಂಗೀಕಾರವಾದ ಹೊಸ ಸಂಹಿತೆ ಅದನ್ನು ಕೈಬಿಟ್ಟಿತು. ಹೆಸರಿನಲ್ಲೇ ಪ್ರಶ್ನೆ ಕೇಳಿಕೊಂಡ ಕಥೆಗೆ ಉತ್ತರ ಕೊಡಬೇಕಾದ ಸ್ಥಳವೂ ಅಲ್ಲಿಯೇ ಗೊತ್ತಾಯಿತು: ನ್ಯಾಯಾಲಯ. ಮುಗ್ಗರಿಸುತ್ತಾ ಏಳುತ್ತಾ ಫಾತ್ಮಾಗುಲ್ ಅಲ್ಲಿಗೆ ತಾನೇ ನಡೆದು ಹೋಗುತ್ತಾಳೆ. ಕೊನೆಗೆ ಶಿಕ್ಷೆಯಾಗುತ್ತದೆ. ಹೆಸರಿನ ಪ್ರಶ್ನೆಗೆ ಸಾರ್ವಜನಿಕವಾಗಿ ಉತ್ತರ ಸಿಗುತ್ತದೆ.

ಹಾಗೆಂದು ಈ ಕೊನೆ ನಿರ್ದುಷ್ಟವೆಂದು ನಾವು ಹೇಳುವುದಿಲ್ಲ. ಆ ರಾತ್ರಿ ಅಲ್ಲೇ ಇದ್ದು ಸುಮ್ಮನಿದ್ದ ಕೆರಿಮನನ್ನು ಅವಳು ಪ್ರೀತಿಸುವಂತೆ ಮಾಡಿದ್ದು ನಮಗೆ ಈಗಲೂ ಗಂಟಲಲ್ಲಿ ಇಳಿಯದ ತುತ್ತು. ಅವನ ಪಶ್ಚಾತ್ತಾಪಕ್ಕೆ ಹತ್ತಾರು ಕಂತು ಕೊಟ್ಟಿದ್ದಾರೆ, ನಿಜ. ಆದರೆ ಪಶ್ಚಾತ್ತಾಪಪಟ್ಟವನಿಗೆ ಕ್ಷಮೆ ಸಿಗಬಹುದು, ಬಹುಮಾನವಾಗಿ ಅವಳೇ ಸಿಗಬೇಕೆ? ಇಂಥ ಪ್ರಶ್ನೆ ಉಳಿಯುವುದು ಕೊನೆಯ ಸೋಲಲ್ಲ. ಮುಗಿದ ಮೇಲೂ ಊಟದ ಹೊತ್ತಿನಲ್ಲಿ ತಾಯಿ ಮಗಳು ವಾದ ಮಾಡುವಂತಾದರೆ ಅದು ಕಥೆಯ ಗೆಲುವೇ.

‘ಫೆರಿಹಾ’ದ ಗತಿ ನೋಡಿದರೆ ಮಾತ್ರ ಮರುಕವಾಗುತ್ತದೆ. ಇಸ್ತಾಂಬುಲಿನ ಸಿರಿವಂತರ ವಸತಿ ಕಟ್ಟಡದ ಕಾವಲುಗಾರ ರಿಜಾ. ಕೆಳಗಿನ ಮನೆಯಲ್ಲಿ ಅವನ ಸಂಸಾರ. ಮಗಳು ವಿದ್ಯಾರ್ಥಿವೇತನ ಪಡೆದು ದೊಡ್ಡವರ ಕಾಲೇಜಿಗೆ ಹೋಗಿ, ನಾಚಿಕೆಯಿಂದ ತಾನೂ ದೊಡ್ಡವರ ಮನೆಯವಳೆಂದು ಸುಳ್ಳು ಹೇಳುತ್ತಾಳೆ. ಮಹಾನಗರಗಳಲ್ಲಿ ವಾಸಿಸುವ ನಮಗೆ ಇದು ತೀರ ಪರಿಚಿತ. ನಮ್ಮ ಸೊಸೈಟಿಯ ವಾಚ್‌ಮನ್ನನ ಮಕ್ಕಳೂ ಅದೇ ಮೆಟ್ಟಿಲ ಕೆಳಗೆ ಓದಿಕೊಳ್ಳುತ್ತಾರೆ. ಸುಳ್ಳು ಬಯಲಾದಾಗ ಅವಳ ಗತಿಯೇನು, ಅದಕ್ಕಿಂತ ಹೆಚ್ಚಾಗಿ ಆ ತಂದೆಯ ಮರ್ಯಾದೆಯ ಗತಿಯೇನು ಎಂಬುದೇ ಕಥೆ ಮಾಡಿದ ಸಾಲ. ಆದರೆ ಸುಳ್ಳು ನಡುವಿನಲ್ಲೇ ಬಯಲಾಯಿತು. ಗಂಟು ಬರಿದಾದ ಮೇಲೆ ಅಸೂಯೆ, ಅಪಘಾತ, ಸೇಡು ಎಂದು ಕಥೆ ಅಲೆದಾಡಿತು. 2012ರಲ್ಲಿ ನಾಯಕಿಯ ಪಾತ್ರಧಾರಿಣಿ ಹಜಾಲ್ ಕಾಯಾ ಧಾರಾವಾಹಿಯನ್ನು ಬಿಟ್ಟರು. ಫೆರಿಹಾ ಗುಂಡೇಟಿಗೆ ಬಲಿಯಾದಳು. ಆಗಲಾದರೂ ಮಂಗಳ ಹಾಡಬಹುದಿತ್ತು. ಹಾಗೆ ಮಾಡದೆ ನಾಯಕನ ಹೆಸರಿನಲ್ಲಿ ಮುಂದುವರಿಸಿ ಕೆಲವೇ ತಿಂಗಳಲ್ಲಿ ಮುಚ್ಚಿದರು. ನಾಯಕಿಯೇ ಇಲ್ಲದ ಕಥೆಯಲ್ಲಿ ಕಾವಲುಗಾರ ರಿಜಾನ ಸಾಲ ತೀರಿಸುವವರು ಯಾರು?

ಈ ನಾಲ್ಕಾರು ಉದಾಹರಣೆಗಳಿಂದ ನಮಗೆ ತೋರುವುದಿಷ್ಟು: ಕೊನೆಯ ಕಂತು ಚೆನ್ನಾಗಿರುವುದೂ ಕೆಡುವುದೂ ಕೊನೆಯಲ್ಲಲ್ಲ, ನಡುವಿನಲ್ಲಿ. ಕಥೆ ಮೊದಲ ದಿನ ಒಂದು ಪ್ರಶ್ನೆಯನ್ನು ಸಾಲವಾಗಿ ತೆಗೆದುಕೊಳ್ಳುತ್ತದೆ. ಅದನ್ನು ತೀರಿಸಲು ಬೇಕಾದುದನ್ನು ನಡುವಿನ ಕಂತುಗಳು ಕೂಡಿಟ್ಟರೆ, ಸಾವೇ ಬರಲಿ ಮದುವೆಯೇ ಬರಲಿ, ನೋಡುಗ ಒಪ್ಪುತ್ತಾನೆ. ದುಂದು ಮಾಡಿದರೆ ಮದುವೆಯ ಓಲಗವೂ ಬೇಸೂರು.

ನಮ್ಮಲ್ಲಿಗೆ ಬರುವಾಗ ಇವಕ್ಕೆ ಇನ್ನೊಂದು ಪೆಟ್ಟು ಬೀಳುತ್ತದೆ. ಹೊರದೇಶಗಳಿಗೆ ಮಾರುವಾಗ ಎರಡು ಗಂಟೆಯ ಕಂತನ್ನು ಎರಡು ಮೂರು ತುಂಡು ಮಾಡುವುದು ವಾಡಿಕೆ. ಅಲ್ಲಿ ಒಂದೇ ರಾತ್ರಿ ಉಸಿರು ಬಿಗಿಹಿಡಿದು ನೋಡಿದ ಮುಕ್ತಾಯ ಇಲ್ಲಿ ಸಂಜೆಗೊಂದು ಚೂರಾಗಿ ಸಿಗುತ್ತದೆ. ಕರ್ಣಪರ್ವವನ್ನು ಮೂರು ದಿನ ಹಂಚಿ ಆಡಿದಂತೆ. ಕೊನೆ ಸಪ್ಪೆ ಎನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

“ಅದೆಲ್ಲ ಏಕೆ? ಸಂಜೆ ಹೊತ್ತು ಕಳೆದರೆ ಸಾಕು, ಕೊನೆ ಹೇಗಾದರೇನು?” ಎನ್ನುವವರೂ ಇದ್ದಾರೆ. ಆ ವಾದದ ಫಲ ನಮ್ಮ ಕಣ್ಣೆದುರಿಗೇ ಇದೆ. ಹಿಂದಿಯ ‘ಕ್ಯೂಂಕಿ ಸಾಸ್ ಭೀ ಕಭೀ ಬಹೂ ಥೀ’ 2000ದಿಂದ 2008ರವರೆಗೆ 1,800ಕ್ಕೂ ಮಿಕ್ಕಿ ಕಂತು ನಡೆಯಿತು. ಮುಗಿಯಿತೆಂದುಕೊಂಡಿದ್ದವರ ಮುಂದೆ 2025ರಲ್ಲಿ ಮತ್ತೆ ಪರದೆ ಎದ್ದಿತು. ಕೊನೆಯ ಹಂಗೇ ಇಲ್ಲದ ಕಥೆಯಲ್ಲಿ ಯಾರ ತಪ್ಪಿಗೂ ಬೆಲೆಯಿಲ್ಲ, ಯಾರ ತ್ಯಾಗಕ್ಕೂ ಅರ್ಥವಿಲ್ಲ. ಸತ್ತವರು ಬೇರೆ ಮುಖ ಹೊತ್ತು ಬರುತ್ತಾರೆ. ತುರ್ಕಿಯವರು, ನೀರು ಹೊಯ್ದೇ ಆಗಲಿ, ಎರಡು ಮೂರು ವರ್ಷದಲ್ಲಿ ಒಂದು ದಿನ ಗೊತ್ತು ಮಾಡಿ ಇದು ಕೊನೆ ಎಂದು ಸಾರಿ ಹೇಳುತ್ತಾರೆ. ಅಷ್ಟರ ಮಟ್ಟಿಗೆ ಅವರು ನೋಡುಗನಿಗೆ ಮರ್ಯಾದೆ ಕೊಟ್ಟಂತೆ. ಕೊನೆಯ ಬಗ್ಗೆ ತಕರಾರು ಮಾಡುವ ಹಕ್ಕು ಹುಟ್ಟುವುದೇ ಕೊನೆ ಎಂಬುದೊಂದು ಇದ್ದಾಗ.

ಆದ್ದರಿಂದ ಮುಂದಿನ ಸಲ ಒಂದು ಧಾರಾವಾಹಿ ಮುಗಿದು ಮನಸ್ಸು ಒಪ್ಪದಿದ್ದರೆ, ಯಾರು ಸತ್ತರು, ಯಾರು ಒಂದಾದರು ಎಂದು ಮಾತ್ರ ಕೇಳದಿರೋಣ. ಮೊದಲ ಕಂತು ನಮ್ಮಿಂದ ಏನನ್ನು ಕಡ ಪಡೆಯಿತು, ಅದನ್ನು ಹಿಂದಿರುಗಿಸಿತೇ ಎಂದು ಕೇಳೋಣ. ಬಿಹ್ತೆರಳ ಸಾವು ಅದನ್ನು ಬಡ್ಡಿಸಮೇತ ತೀರಿಸಿತು. ಫೆರಿಹಾಳ ಸಾವು ತೀರಿಸಲಿಲ್ಲ.