ಮರವಿಲ್ಲದ ಅಡವಿ: ಸೋಲಾಪುರ ಸೀಮೆಯಿಂದ ಕನ್ನಡದ ಮಕ್ಕಳ ಪರಿಸರ ಪುಸ್ತಕಗಳನ್ನು ಓದುವುದು

ನೇರವಾಗಿ ವಿಷಯಕ್ಕೆ ಬರ್ತೀನಿ. ಕನ್ನಡದಲ್ಲಿ ಮಕ್ಕಳ ಕೈಗೆ ಕೊಡುವ ಪರಿಸರ ಪುಸ್ತಕಗಳಲ್ಲಿ ನಿಸರ್ಗ ಅಂದ್ರೆ ಬಹುಮಟ್ಟಿಗೆ ಮಲೆನಾಡು: ಆನೆ, ಹುಲಿ, ಮಂಗಟ್ಟೆ, ಜಿಗಣೆ, ಬಿಡದ ಮಳೆ. ಅಕ್ಕಲಕೋಟೆಯ, ಜತ್ತದ ಕನ್ನಡ ಶಾಲೆಯ ಮಗು ಓದಿ ತಲೆ ಎತ್ತಿದರೆ ಕಾಣೋದು ಎರಿ ಹೊಲ, ಗಾಯರಾಣ, ಮೊಣಕಾಲುದ್ದದ ಹುಲ್ಲು. ಪುಸ್ತಕದ ಲೆಕ್ಕದಲ್ಲಿ ಇದು ಬರಡು ನೆಲ.

ಈ ಬರಡು ನೆಲದಲ್ಲೇ, ಸೋಲಾಪುರದ ಹತ್ತಿರದ ನಾನ್ನಜದಲ್ಲಿ, ಒಂದು ಹಕ್ಕಿಗಾಗಿ 1979ರಲ್ಲಿ ಅಭಯಾರಣ್ಯ ಘೋಷಣೆಯಾಯಿತು. ಮರಾಠಿಯಲ್ಲಿ ಅದು ಮಾಳಢೋಕ. ಆದೋನಿಗೆ ಹತ್ತಿರದ ಸಿರುಗುಪ್ಪದ ಕಡೆ ಕನ್ನಡದಲ್ಲಿ ಎರೆಬೂತ. ಒಂದು ಹೆಸರಲ್ಲಿ ಮಾಳ ಇದೆ, ಇನ್ನೊಂದರಲ್ಲಿ ಎರೆ. ಎರಡೂ ಭಾಷೆಯ ಜನ ಹಕ್ಕಿಯನ್ನ ಅದರ ನೆಲದಿಂದಲೇ ಗುರುತಿಸಿದ್ದಾರೆ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುವ, ದೂರದವರೆಗೆ ಕಣ್ಣು ಹಾಯುವ ಬಯಲನ್ನೇ ನಂಬಿದ ಈ ಹಕ್ಕಿ ಇಡೀ ದೇಶದಲ್ಲಿ ಈಗ ಸುಮಾರು 150 ಉಳಿದಿರಬಹುದು ಅಂತ ಅಂದಾಜು.

ಈಗ ನಮ್ಮ ಪರಿಸರ ಕಥೆಗಳ ಕೊನೆಯ ಪುಟ ನೆನಪು ಮಾಡ್ಕೊಳ್ಳಿ. ಮಕ್ಕಳು ಸಾಲಾಗಿ ನಿಂತು ಸಸಿ ನೆಡ್ತಾರೆ. ಈ ಸುಖಾಂತ್ಯವನ್ನ ಹಾಗೇ ನಾನ್ನಜದ ಹುಲ್ಲುಬಯಲಿಗೆ ತಂದರೆ ಎರೆಬೂತ ಮನೆ ಕಳ್ಕೊಳ್ಳುತ್ತೆ. ಇದನ್ನ ಬರೀ ವಿಜ್ಞಾನದ ತಪ್ಪು ಅಂದು ಬಿಡೋಕಾಗಲ್ಲ. ಮಲೆನಾಡಿನಿಂದ ಎರವಲು ತಂದ ಕಥನದ ರೂಢಿ ಇದು. ಭಾಷೆಯಲ್ಲೂ ಇದೇ ತೊಡಕು. ಪುಸ್ತಕದ 'ಅಡವಿ' ದಟ್ಟ ಕಾಡು. ಉತ್ತರದ ಆಡುಮಾತಿನಲ್ಲಿ 'ಅಡವ್ಯಾಗ ಹೋಗ್ಯಾರ' ಅಂದ್ರೆ ಊರಾಚೆಯ ಬಯಲಿಗೆ, ಹೊಲದ ಕಡೆಗೆ ಹೋಗಿದ್ದಾರೆ ಅಂತಲೂ ಆಗುತ್ತೆ. ಮರವಿಲ್ಲದ ಅಡವಿ ಆ ಮಗುವಿನ ಬಾಯಲ್ಲಿ ಆಗಲೇ ಇದೆ. ನಾವು ಅದನ್ನ ತಿದ್ದಿ 'ಹುಲ್ಲುಗಾವಲು' ಅಂತ ಬರೆಸ್ತೀವಿ. ಆಗ ದನ ಮೇಯಿಸೋ ಜಾಗ ಅನ್ನೋ ಅರ್ಥ ಮಾತ್ರ ಉಳಿಯುತ್ತೆ.

ತೋಳದ ವಿಷಯ ಇನ್ನೂ ಕಷ್ಟ. ಹಳೆಯ ಕಥೆಗಳಲ್ಲಿ ಅದು ದುಷ್ಟ; ಹೊಸ ಪುಸ್ತಕಗಳಲ್ಲಿ ಎಲ್ಲ ಪ್ರಾಣಿಗಳ ಹಾಗೆ ಅದೂ 'ನಮ್ಮ ಗೆಳೆಯ'. ಮನೆಯಲ್ಲಿ ಕುರಿ ಇರೋ ಮಗು ಎರಡನೆಯದನ್ನ ನಂಬಲ್ಲ, ನಂಬಬೇಕಾಗಿಯೂ ಇಲ್ಲ. ಕುರಿ ಕಳ್ಕೊಂಡವರ ಸಂಕಟವೂ ತೋಳದ ಬದುಕೂ ಒಂದೇ ಪುಟದಲ್ಲಿ ಬರಬೇಕು.

ತೇಜಸ್ವಿಯವರ 'ಪರಿಸರದ ಕತೆ'ಯನ್ನ (ಮಕ್ಕಳಿಗೆಂದೇ ಬರೆದದ್ದಲ್ಲ, ಆದರೂ ಮಕ್ಕಳು ಓದ್ತಾರೆ) ನಾನು ಮೆಚ್ಚೋದು ಇದಕ್ಕೇ. ಅಲ್ಲಿ ಬೇಟೆ, ಮೀನು ಹಿಡಿಯೋದು, ನಾಯಿ, ಊರಿನವರ ಬಡಾಯಿ ಎಲ್ಲ ಕಾಡಿನ ಜೊತೆಗೇ ಬರುತ್ತೆ, ಉಪದೇಶ ಕಡಿಮೆ. ಅವರ ನಂತರದವರು ಮೂಡಿಗೆರೆಯ ಕಾಡನ್ನ ಅನುಕರಿಸಿದರು. ಆ ಸಲಿಗೆಯನ್ನ ಕಲಿಯಲಿಲ್ಲ. ಅದೇ ಸಲಿಗೆಯಿಂದ ಗಾಯರಾಣದ ಬಗ್ಗೆ ಬರೆದ ಮಕ್ಕಳ ಪುಸ್ತಕ ಕನ್ನಡದಲ್ಲಿ ನನ್ನ ಕೈಗೆ ಇನ್ನೂ ಸಿಕ್ಕಿಲ್ಲ. ಸೋಲಾಪುರ ಕಡೆಯಿಂದ ಸೇರಿಕೊಂಡವರು ಯಾರಾದರೂ ಓದಿದ್ದರೆ ಚರ್ಚೆಯಲ್ಲಿ ದಯವಿಟ್ಟು ಹೇಳಿ.